ಕ್ಯಾಮೆರಾ 2.4ರಾಗ, ಮೊಬೈಲ್ 5ರಾಗ: ಎರಡನ್ನೂ ಕೂಡಿಸೋದು ಹೆಂಗ?

ಮೊರಬ: ಅಂಗಡಿಗೆ ಸಿಸಿ ಕ್ಯಾಮೆರಾ, ಮನೆಗೆ ಸ್ಮಾರ್ಟ್ ಬಲ್ಬ್, ಝೆರಾಕ್ಸ್ ಅಂಗಡಿಗೆ ವೈಫೈ ಪ್ರಿಂಟರ್ ತರೋದು ಈಗ ಹಳ್ಳಿಗೂ ಹೊಸದಲ್ಲ. ತಂದ ಮೇಲೆ ಕೇಳಿಬರುವ ದೂರು ಮಾತ್ರ ಹೆಚ್ಚುಕಡಿಮೆ ಒಂದೇ: ಮೊಬೈಲ್‌ಗೆ ವೈಫೈ ಬರ್ತದ, ಕ್ಯಾಮೆರಾಕ್ಕ ಬರಂಗಿಲ್ಲ. ಕ್ಯಾಮೆರಾ ವಾಪಸ್ ಕೊಡುವ ಅಥವಾ ಹೊಸ ರೂಟರ್‌ಗೆ ದುಡ್ಡು ಹಾಕುವ ಮೊದಲು ಒಂದು ವಿಷಯ ನೋಡಬೇಕು. ಬಹಳ ಸಲ ಎರಡೂ ಕೆಟ್ಟಿರುವುದಿಲ್ಲ, ಬ್ಯಾಂಡ್ ಹೊಂದಿರುವುದಿಲ್ಲ ಅಷ್ಟ.

ಎರಡು ಬ್ಯಾಂಡ್ ಅಂದ್ರೇನು?

ಡ್ಯುಯಲ್ ಬ್ಯಾಂಡ್ ರೂಟರ್ ಎರಡು ತರಂಗಗಳಲ್ಲಿ ವೈಫೈ ಕೊಡುತ್ತದೆ. 2.4 ಗಿಗಾಹರ್ಟ್ಸ್ ವೇಗ ಕಡಿಮೆ, ಆದರೆ ದೂರ ಹೋಗುತ್ತದೆ, ಗೋಡೆಯನ್ನೂ ಒಂದಿಷ್ಟು ದಾಟುತ್ತದೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಗೋಡೆ ಅಡ್ಡ ಬಂದರೆ ಬೇಗ ಸೊರಗುತ್ತದೆ. ಮುಂದ ಅಂಗಡಿ, ಹಿಂದ ಮನಿ ಇದ್ದು ನಡುವೆ ದಪ್ಪ ಮಣ್ಣಿನ ಗೋಡೆ ಇದ್ದರೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಕಬ್ಬಿಣದ ಶಟರ್ ಮಾತ್ರ ಎರಡಕ್ಕೂ ಅಡ್ಡಿಯೇ.

ವೈಫೈ ಹೆಸರಿನ ಕೊನೆಗೆ ‘5ಜಿ’ ಅಂತ ಇದ್ದರೆ ಅದು ಮೊಬೈಲ್ ಕಂಪನಿಯ 5ಜಿ ಅಲ್ಲ. ಅಲ್ಲಿ ‘ಜಿ’ ಅಂದರೆ ಗಿಗಾಹರ್ಟ್ಸ್. ಸಿಮ್‌ಗೂ ಅದಕ್ಕೂ ಸಂಬಂಧ ಇಲ್ಲ.

ಕ್ಯಾಮೆರಾ 5ಕ್ಕೆ ಯಾಕ ಹೋಗಂಗಿಲ್ಲ?

ಕಡಿಮೆ ಬೆಲೆಯ ಕ್ಯಾಮೆರಾ, ಬಲ್ಬ್, ಪ್ಲಗ್, ಪ್ರಿಂಟರ್‌ಗಳಲ್ಲಿ ಹೆಚ್ಚಿನವುಗಳೊಳಗೆ 2.4ರ ರೇಡಿಯೊ ಮಾತ್ರ ಇರುತ್ತದೆ. ಡಬ್ಬಿಯ ಮೇಲೆ ಬರೆದಿರುತ್ತಾರೆ. ಯಾವ ಸೆಟ್ಟಿಂಗ್ ಬದಲಿಸಿದರೂ ಅವು 5ಕ್ಕೆ ಬರುವುದಿಲ್ಲ. ಅದರಿಂದ ನಷ್ಟವೂ ಇಲ್ಲ. ಸಾಧಾರಣ ಕ್ಯಾಮೆರಾಕ್ಕೆ ಕೆಲವೇ ಎಂಬಿಪಿಎಸ್ ಸಾಕು, ಅಷ್ಟನ್ನು 2.4 ಆರಾಮಾಗಿ ಕೊಡುತ್ತದೆ.

ಜೋಡಿಸುವ ಕ್ರಮ

1. ರೂಟರ್ ಸೆಟ್ಟಿಂಗ್‌ನಲ್ಲಿ 2.4 ಚಾಲೂ ಇದೆಯೋ ನೋಡಿ. ಎರಡು ಬ್ಯಾಂಡಿಗೂ ಒಂದೇ ಹೆಸರಿದ್ದರೆ ಬೇರೆ ಬೇರೆ ಹೆಸರು ಕೊಡಿ. ಬರದಿದ್ದರೆ ಜೋಡಿಸುವ ತನಕ 5ನ್ನು ಬಂದ್ ಮಾಡಿ.

2. ಜೋಡಿಸುವಾಗ ಮೊಬೈಲ್ ಕೂಡ 2.4ರ ಹೆಸರಿನಲ್ಲೇ ಇರಲಿ. ಬಹಳಷ್ಟು ಆ್ಯಪ್‌ಗಳು ಮೊಬೈಲ್ ಯಾವ ವೈಫೈನಲ್ಲಿದೆಯೋ ಅದರ ಹೆಸರನ್ನೇ ಕ್ಯಾಮೆರಾಕ್ಕೆ ಕೊಡುತ್ತವೆ. ಲೊಕೇಶನ್ ಅನುಮತಿಯನ್ನೂ ಕೊಡಿ.

3. ಆದರೂ ಆಗದಿದ್ದರೆ ಸೆಕ್ಯುರಿಟಿ ‘ಡಬ್ಲ್ಯುಪಿಎ3’ ಇದೆಯೋ ನೋಡಿ. ಹಳೆಯ ಸಾಧನಗಳಿಗೆ ಅದು ತಿಳಿಯುವುದಿಲ್ಲ. ‘ಡಬ್ಲ್ಯುಪಿಎ2’ ಇಡಿ. ಪಾಸ್‌ವರ್ಡ್ ತೆಗೆದು ಓಪನ್ ಮಾತ್ರ ಬಿಡಬೇಡಿ.

4. ಸಾಲಾಗಿ ಅಂಗಡಿಗಳಿದ್ದಲ್ಲಿ ಎಲ್ಲರ 2.4 ಒಂದಕ್ಕೊಂದು ತೊಡಕಾಗುತ್ತದೆ. ಚಾನೆಲ್ 1, 6, 11ರಲ್ಲಿ ಒಂದನ್ನು ಆರಿಸಿ, ಅಗಲ 20 ಮೆಗಾಹರ್ಟ್ಸ್ ಇಡಿ.

ಹೆಸರು ಎರಡು, ಮನಿ ಒಂದ

ಕ್ಯಾಮೆರಾ ಜೋಡಣೆಯಾದ ಮೇಲೆ ಮೊಬೈಲನ್ನು 5ಕ್ಕೆ ಹಾಕಿದರೂ ಅಡ್ಡಿ ಇಲ್ಲ. ಒಂದೇ ರೂಟರ್‌ನ ಎರಡು ಬ್ಯಾಂಡ್ ಅಂದರೆ ಒಂದು ಮನೆಗೆ ಎರಡು ಬಾಗಿಲು ಇದ್ದಂತೆ. ಯಾವ ಬಾಗಿಲಿನಿಂದ ಬಂದರೂ ಸೇರುವುದು ಒಂದೇ ಪಡಸಾಲೆಗೆ. 2.4ರಲ್ಲಿರುವ ಪ್ರಿಂಟರ್‌ಗೆ 5ರಲ್ಲಿರುವ ಮೊಬೈಲ್‌ನಿಂದ ಪ್ರಿಂಟ್ ಕೊಡಬಹುದು.

ಹಂಗಾದರೂ ಒಂದಕ್ಕೊಂದು ಕಾಣದಿದ್ದರೆ ಬ್ಯಾಂಡ್ ಬಿಟ್ಟು ಬೇರೆ ಕಾರಣ ಹುಡುಕಬೇಕು:

ಗೆಸ್ಟ್ ವೈಫೈ: ಗಿರಾಕಿಗಳಿಗೆ ಅಂತ ಇಟ್ಟ ಈ ವೈಫೈಗೆ ಸಾಧನ ಸೇರಿಸಿದರೆ ಇಂಟರ್ನೆಟ್ ಬರುತ್ತದೆ, ಆದರೆ ಮನೆಯ ಉಳಿದ ಸಾಧನಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಅದನ್ನು ಮಾಡಿರುವುದೇ ಅದಕ್ಕೆ.

ಐಸೊಲೇಶನ್: ‘ಎಪಿ ಐಸೊಲೇಶನ್’ ಆನ್ ಇದ್ದರೂ ಇದೇ ತೊಂದರೆ. ಮನೆಯ ವೈಫೈಗೆ ಅದು ಆಫ್ ಇರಲಿ.

ಎರಡನೇ ರೂಟರ್: ಫೈಬರ್ ಡಬ್ಬಿಯಲ್ಲೇ ಒಂದು ವೈಫೈ ಇರುತ್ತದೆ, ಸಿಗ್ನಲ್ ಸಾಲದೆಂದು ಇನ್ನೊಂದು ರೂಟರ್ ಹಾಕಿದರೆ ಅಲ್ಲಿ ಮನೆಯೇ ಎರಡಾಗುತ್ತದೆ. ಎರಡೂ ಸಾಧನಗಳ ಐಪಿ ವಿಳಾಸ ನೋಡಿ. ಒಂದು 192.168.1 ಎಂದೂ ಇನ್ನೊಂದು 192.168.0 ಎಂದೂ ಶುರುವಾಗಿದ್ದರೆ ಜಾಲ ಬೇರೆಯಾಗಿದೆ. ಎರಡನೇ ರೂಟರನ್ನು ‘ಆ್ಯಕ್ಸೆಸ್ ಪಾಯಿಂಟ್’ ಮೋಡ್‌ಗೆ ಹಾಕಿದರೆ ಮತ್ತೆ ಒಂದಾಗುತ್ತದೆ.

ಖರ್ಚು ಯಾವಾಗ ಮಾಡಬೇಕು?

ಕ್ಯಾಮೆರಾವನ್ನು ರೂಟರ್ ಹತ್ತಿರ ತಂದು ಜೋಡಿಸಿ ನೋಡಿ. ಹತ್ತಿರ ನಡೆದು ದೂರ ನಿಂತರೆ ಅದು ಸಿಗ್ನಲ್ ಸಮಸ್ಯೆ. ಮೊದಲು ರೂಟರನ್ನು ಎತ್ತರಕ್ಕೆ, ನಡುಮನೆ ಕಡೆ ಸರಿಸಿ. ಸಾಲದಿದ್ದರೆ ಎಳೆದ ಕೇಬಲ್, ಅದರ ತುದಿಗೆ ಆ್ಯಕ್ಸೆಸ್ ಪಾಯಿಂಟ್. ಹತ್ತಿರದಲ್ಲೂ ಜೋಡಣೆ ಆಗದಿದ್ದರೆ, ಮೇಲಿನ ಕ್ರಮ ಪೂರ್ತಿ ಮಾಡಿದ ಮೇಲಷ್ಟೇ ಕ್ಯಾಮೆರಾ ಮೇಲೆ ಅನುಮಾನ ಪಡಬೇಕು.

ರೂಟರ್ ಬದಲಿಸುವುದೇ ಆದರೆ ಹಳೆಯ ವೈಫೈ ಹೆಸರು, ಪಾಸ್‌ವರ್ಡ್, ಸೆಕ್ಯುರಿಟಿ ಮೂರನ್ನೂ ಹೊಸದರಲ್ಲಿ ಹಾಗೇ ಇಡಿ. ಕ್ಯಾಮೆರಾ, ಬಲ್ಬ್ ಸಾಮಾನ್ಯವಾಗಿ ತಾವಾಗಿಯೇ ಸೇರಿಕೊಳ್ಳುತ್ತವೆ. ರೂಟರ್ ಮತ್ತು ಕ್ಯಾಮೆರಾ ಜತೆ ಬಂದ ‘ಅಡ್ಮಿನ್’ ಪಾಸ್‌ವರ್ಡ್ ಮಾತ್ರ ಮೊದಲ ದಿನವೇ ಬದಲಿಸಿ. ಇಲ್ಲದಿದ್ದರೆ ಗಲ್ಲಾಪೆಟ್ಟಿಗೆ ಕಾಯಲು ಇಟ್ಟ ಕ್ಯಾಮೆರಾದಲ್ಲಿ ಬೇರೆಯವರು ನಿಮ್ಮ ಗಲ್ಲಾಪೆಟ್ಟಿಗೆ ನೋಡಬಹುದು.