ದ್ರೌಪದಿಗೆ ಗಂಡ ಒಬ್ಬನೇ: ಹಳೆ ಕತೆಗೆ ಹೊಸ ಕಾಲ ತೊಡಿಸಿದವರು

ದ್ರೌಪದಿಗೆ ಗಂಡಂದಿರು ಎಷ್ಟು ಮಂದಿ? ಸವಡಿಯ ಯಾವ ಕಟ್ಟೆ ಮೇಲೆ ಕೇಳಿದರೂ ಐದು ಅಂತಾರೆ. ಆದರೆ ಪಂಪನನ್ನು ಕೇಳಿದರೆ ಒಬ್ಬನೇ, ಅರ್ಜುನ. ಕನ್ನಡದ ಮೊದಲ ಮಹಾಭಾರತ ಬರೆದ ಕವಿಯೇ ಕತೆಯ ಬುಡಕ್ಕೆ ಕೈ ಹಾಕಿದ್ದ.

ಈಗ ಯಾರಾದರೂ ರಾಮಾಯಣವನ್ನೋ ಮಹಾಭಾರತವನ್ನೋ ಇವತ್ತಿನ ಊರು, ಇವತ್ತಿನ ಮಾತು, ಇವತ್ತಿನ ರಾಜಕೀಯಕ್ಕೆ ಹೊಂದಿಸಿ ಸಿನಿಮಾ ಮಾಡಿದರೆ, ನಾಟಕ ಬರೆದರೆ, ವಾಟ್ಸಾಪ್‌ನಲ್ಲಿ ಜಗಳ ಶುರುವಾಗುತ್ತದೆ. ‘ನಮ್ಮ ಹಿರಿಯರು ಹೀಗೆಲ್ಲ ಮಾಡುತ್ತಿರಲಿಲ್ಲ’ ಅನ್ನೋದು ಆ ಜಗಳದಲ್ಲಿ ಮೊದಲು ಬರುವ ಮಾತು. ಹಿರಿಯರು ಏನು ಮಾಡಿದ್ದರು ಅಂತ ನೋಡೋಣ. ದೂರ ಹೋಗಬೇಕಿಲ್ಲ. ಗದಗದಿಂದ ಹುಬ್ಬಳ್ಳಿ ಬಸ್ ಹತ್ತಿದರೆ ನಡುವೆ ಸಿಗುವ ಅಣ್ಣಿಗೇರಿಯಿಂದಲೇ ಶುರು ಮಾಡಬಹುದು.

ಪಂಪನ ತಾಯಿ ಅಬ್ಬಣಬ್ಬೆಯ ತವರು ಅಣ್ಣಿಗೇರಿ. ಈ ವಿಷಯ ಗೊತ್ತಾಗಿದ್ದು ಪಂಪನ ತಮ್ಮ ಜಿನವಲ್ಲಭ ಬರೆಸಿದ ಕುರ್ಕ್ಯಾಲ ಶಾಸನದಿಂದ. ಅದು ಈಗ ತೆಲಂಗಾಣದಲ್ಲಿದೆ. ಪಂಪ 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ. ಅವನಿಗೆ ಅನ್ನ ಕೊಟ್ಟ ದೊರೆ ವೇಮುಲವಾಡದ ಚಾಲುಕ್ಯ ಅರಿಕೇಸರಿ. ಪಂಪ ತನ್ನ ದೊರೆಯನ್ನೇ ಅರ್ಜುನ ಮಾಡಿದ. ಹೋಲಿಕೆ ಕೊಟ್ಟು ಸುಮ್ಮನಾಗಲಿಲ್ಲ. ಅರಿಕೇಸರಿಯ ಬಿರುದುಗಳೆಲ್ಲ ಅರ್ಜುನನಿಗೆ ಬಂದವು. ರಾಷ್ಟ್ರಕೂಟರ ಚಕ್ರವರ್ತಿ ಗೊಜ್ಜಿಗನ ಮಾತು ಮೀರಿ, ಮರೆಹೊಕ್ಕ ಬಿಜ್ಜನನ್ನು ಅರಿಕೇಸರಿ ಕಾಪಾಡಿದ ಆಗಿನ ಕಾಲದ ಸುದ್ದಿಯೂ ಕಾವ್ಯದೊಳಗೆ ಸೇರಿತು. ಕೊನೆಗೆ ಪಟ್ಟ ಕಟ್ಟಿಸಿಕೊಳ್ಳೋದು ಧರ್ಮರಾಯನಲ್ಲ, ಅರ್ಜುನ. ಪಕ್ಕದಲ್ಲಿ ರಾಣಿಯಾಗಿ ಕೂರೋದು ದ್ರೌಪದಿಯಲ್ಲ, ಸುಭದ್ರೆ.

ಇಷ್ಟು ಬದಲಿಸಿದಾಗ ಕತೆಗೂ ಪೆಟ್ಟು ಬೀಳುತ್ತದೆ. ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದರೆ ಧರ್ಮರಾಯ ಅವಳನ್ನು ಜೂಜಿಗೆ ಹೇಗೆ ಒಡ್ಡಿದ? ತಮ್ಮನ ಹೆಂಡತಿಯನ್ನು ಅಣ್ಣ ಪಣಕ್ಕಿಟ್ಟನೇ? ಅವಳ ಸೀರೆ ಸೆಳೆದವನ ಮೇಲೆ ಭೀಮನಿಗೆ ಅಷ್ಟು ಸಿಟ್ಟು ಯಾಕೆ? ಐದು ಗಂಡಂದಿರ ಗಂಟನ್ನು ಒಂದು ಕಡೆ ಬಿಚ್ಚಿದ ಪಂಪನಿಗೆ ಇನ್ನೊಂದು ಕಡೆ ಗಂಟು ಬಿತ್ತು. ಆದರೂ ಅವನ ಕಾವ್ಯ ನಿಂತಿದೆ. ಅದಕ್ಕೆ ಕಾರಣ ಅರಿಕೇಸರಿಯ ಹೊಗಳಿಕೆಯಲ್ಲ, ಕರ್ಣ. ದೊರೆಗಾಗಿ ಬರೆದ ಕಾವ್ಯದಲ್ಲಿ ದೊರೆಯ ಶತ್ರುವಿನ ಮೇಲೆ ಕವಿಯ ಜೀವ ಹರಿದಿದೆ. ಭಾರತದಲ್ಲಿ ಬೇರೆ ಯಾರನ್ನೂ ನೆನೆಯದಿದ್ದರೂ ಕರ್ಣನನ್ನು ನೆನೆಯಿರಿ ಅನ್ನೋ ಅರ್ಥದ ಮಾತನ್ನು ಅವನೇ ಬರೆದ.

ರನ್ನನ ಕತೆಯೂ ಹೀಗೆಯೇ. ನನ್ನ ಮಟ್ಟಿಗೆ ಇನ್ನೂ ಒಂದು ಕೈ ಮೇಲು. ಮುಧೋಳದ ಬಳೆಗಾರರ ಮನೆಯ ಹುಡುಗ, ಹುಟ್ಟಿದ್ದು 949ರಲ್ಲಿ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಅವನಿಗೆ ಆಸರೆಯಾದಳು. ಅವಳಿಗಾಗಿ 993ರಲ್ಲಿ ‘ಅಜಿತಪುರಾಣ’ ಬರೆದ. ಅವನ ಇನ್ನೊಂದು ಕಾವ್ಯ ‘ಗದಾಯುದ್ಧ’. ಅದಕ್ಕೆ ‘ಸಾಹಸಭೀಮ ವಿಜಯ’ ಅನ್ನೋ ಹೆಸರೂ ಇದೆ. 973ರಲ್ಲಿ ತೈಲಪ ರಾಷ್ಟ್ರಕೂಟರನ್ನು ಕೆಳಗಿಳಿಸಿ ಚಾಲುಕ್ಯರ ರಾಜ್ಯ ಮತ್ತೆ ಕಟ್ಟಿದ. ಅವನ ಮಗ ಸತ್ಯಾಶ್ರಯನೇ ರನ್ನನ ಭೀಮ. ಕಳೆದುಹೋದ ರಾಜ್ಯವನ್ನು ತೋಳಬಲದಿಂದ ಮತ್ತೆ ಪಡೆದ ಮನೆತನ ಅದು. ಆ ಕಾಲದ ಕೇಳುಗರಿಗೆ ಪಾಂಡವರು ಯಾರು, ಕೌರವರು ಯಾರು ಅಂತ ಬಿಡಿಸಿ ಹೇಳಬೇಕಿರಲಿಲ್ಲ.

ಈ ಮನೆತನ ನಮಗೆ ಹೊರಗಿನದಲ್ಲ. ಸತ್ಯಾಶ್ರಯನ ತಮ್ಮನ ಮಗಳು ಅಕ್ಕಾದೇವಿ. ಪಟ್ಟದಕಲ್ಲಿನ ಸುತ್ತಿನ ಕಿಸುಕಾಡು ಎಪ್ಪತ್ತನ್ನು ಅವಳು ಆಳುತ್ತಿದ್ದಳು ಅಂತ ನಮ್ಮ ಸೂಡಿಯ 1010ರ ಶಾಸನ ಹೇಳುತ್ತದೆ. ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ಹೆಣ್ಣು ಅವಳು. ರನ್ನ ಯಾರನ್ನು ಭೀಮ ಅಂತ ಕರೆದನೋ ಅವನ ತಮ್ಮನ ಮಗಳ ಹೆಸರು ಸೂಡಿಯ ಕಲ್ಲಿನಲ್ಲಿದೆ.

ರನ್ನನ ಕಾವ್ಯದಲ್ಲಿ ಕೊನೆಗೆ ಪಟ್ಟಾಭಿಷೇಕ ಆಗುವುದು ಭೀಮನಿಗೆ. ಆದರೆ ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯೋದು ದುರ್ಯೋಧನ. ಹೆಣಗಳ ನಡುವೆ ಒಬ್ಬನೇ ನಡೆದು ಹೋಗುತ್ತಾನೆ. ದ್ರೋಣನ ಹೆಣ, ದುಶ್ಶಾಸನನ ಹೆಣ, ಕರ್ಣನ ಹೆಣ, ಹೆತ್ತ ಮಗ ಲಕ್ಷಣಕುಮಾರನ ಹೆಣ. ಮಗನ ವಯಸ್ಸಿನ ಶತ್ರು ಅಭಿಮನ್ಯು ಸತ್ತು ಬಿದ್ದದ್ದನ್ನು ಕಂಡಾಗಲೂ ಕೈಮುಗಿದು, ನಿನ್ನಂಥ ಸಾವು ನನಗೂ ಬರಲಿ ಅಂತಾನೆ. ದೊರೆಯ ಸಂಬಳ ತಿಂದು ದೊರೆಯ ವೈರಿಗೆ ಇಷ್ಟು ಮರ್ಯಾದೆ ಕೊಡೋದಕ್ಕೆ ಧೈರ್ಯ ಬೇಕು. ಈಗಿನ ಯಾವ ಮುಖಂಡನ ಮೇಲೆ ಯಾರಾದರೂ ಹೀಗೆ ಬರೆದು ನೋಡಲಿ!

ಕುಮಾರವ್ಯಾಸನ ಹಾದಿ ಬೇರೆ. ಕೋಳಿವಾಡದವನು, ಗದುಗಿನ ವೀರನಾರಾಯಣನೇ ಅವನ ದೊರೆ. ಅರಸನನ್ನು ಅರ್ಜುನ ಮಾಡುವ ಹಂಗು ಅವನಿಗಿರಲಿಲ್ಲ. ದ್ರೌಪದಿಗೆ ಐವರು ಗಂಡಂದಿರು ಮತ್ತೆ ಬಂದರು. ಆದರೆ ಅವನ ದ್ರೌಪದಿ ಕೀಚಕನ ಕಾಟ ತಾಳದೆ ನಡುರಾತ್ರಿ ಅಡುಗೆಮನೆಗೆ ಹೋಗಿ ಭೀಮನ ಮುಂದೆ ಗಂಡಂದಿರನ್ನು ಬೈಯುವುದನ್ನು ಕೇಳಬೇಕು. ಅಲ್ಲಿ ಅರಮನೆ ಇಲ್ಲ, ನಮ್ಮ ಓಣಿಯ ಮನೆಯೊಂದರ ರಾತ್ರಿ ಇದೆ. ಕತೆಯನ್ನು ಅವನು ಬದಲಿಸಲಿಲ್ಲ, ಕತೆಯ ಬಾಯಿ ಬದಲಿಸಿದ.

ಅದೇ ಕೀಚಕನ ಕತೆ ಬ್ರಿಟಿಷರ ಕಾಲದಲ್ಲಿ ಸರ್ಕಾರದ ನಿದ್ದೆ ಕೆಡಿಸಿತು. ಟಿಳಕರ ಜೊತೆ ‘ಕೇಸರಿ’ ಪತ್ರಿಕೆಯಲ್ಲಿದ್ದ ಖಾಡಿಲ್ಕರ್ 1907ರಲ್ಲಿ ಮರಾಠಿಯಲ್ಲಿ ‘ಕೀಚಕವಧ’ ನಾಟಕ ಬರೆದರು. ವೇಷ, ಆಭರಣ, ಕತೆ ಎಲ್ಲ ಹಳೆಯದೇ. ಆದರೆ ಕೀಚಕ ಅಂದರೆ ವೈಸ್‌ರಾಯ್ ಕರ್ಜನ್, ದ್ರೌಪದಿ ಅಂದರೆ ದೇಶ, ತಾಳು ತಾಳು ಅನ್ನುವ ಧರ್ಮರಾಯ ಅಂದರೆ ಮಂದಗಾಮಿಗಳು, ಗದೆ ಎತ್ತುವ ಭೀಮ ಅಂದರೆ ಉಗ್ರಗಾಮಿಗಳು ಅಂತ ನೋಡಿದವರೆಲ್ಲ ತಿಳಿದುಕೊಂಡರು. 1910ರಲ್ಲಿ ಸರ್ಕಾರ ನಾಟಕವನ್ನು ನಿಷೇಧಿಸಿತು. ರೋಣ ಆಗ ಧಾರವಾಡ ಜಿಲ್ಲೆಯಲ್ಲಿತ್ತು, ಧಾರವಾಡ ಮುಂಬೈ ಪ್ರಾಂತದಲ್ಲಿತ್ತು. ನಿಷೇಧ ಹಾಕಿದ್ದು ನಮ್ಮನ್ನೂ ಆಳುತ್ತಿದ್ದ ಸರ್ಕಾರವೇ. ಸೀದಾ ಕರ್ಜನ್ ಅಂತ ಹೆಸರು ಹಾಕಿದ್ದರೆ ನಾಟಕ ಮೊದಲ ದಿನವೇ ನಿಲ್ಲುತ್ತಿತ್ತು. ಹಳೆ ಕತೆಯ ಮರೆಯಲ್ಲಿ ಅದು ಎರಡು ಮೂರು ವರ್ಷ ಓಡಾಡಿತು.

ಇನ್ನು ಬಿ.ಎಂ.ಶ್ರೀ. ರನ್ನನ ಕಾವ್ಯವನ್ನೇ ಅವರು ‘ಗದಾಯುದ್ಧ ನಾಟಕ’ ಮಾಡಿ ದುರ್ಯೋಧನನನ್ನು ದುರಂತ ನಾಯಕನಾಗಿ ನಿಲ್ಲಿಸಿದರು. ಆಮೇಲೆ ಗ್ರೀಕರ ಸೊಫೋಕ್ಲಿಸ್‌ನ ‘ಅಯಾಸ್’ ನಾಟಕ ತಂದು ಅಶ್ವತ್ಥಾಮನ ಮೈಮೇಲೆ ಹೊದಿಸಿದರು. ಚಿರಂಜೀವಿ ಅಂತ ನಾವೆಲ್ಲ ನಂಬಿದ ಅಶ್ವತ್ಥಾಮ ಆ ನಾಟಕದಲ್ಲಿ ಸಾಯುತ್ತಾನೆ.

ಕುವೆಂಪು 1944ರಲ್ಲಿ ‘ಶೂದ್ರ ತಪಸ್ವಿ’ ಬರೆದಾಗ ಗದ್ದಲ ಜೋರಾಯಿತು. ಮೂಲದಲ್ಲಿ ತಪಸ್ಸು ಮಾಡಿದ ತಪ್ಪಿಗೆ ರಾಮ ಶಂಬೂಕನ ತಲೆ ಕಡಿಯುತ್ತಾನೆ. ಕುವೆಂಪು ನಾಟಕದಲ್ಲಿ ರಾಮ ಬಿಟ್ಟ ಬಾಣ ತಪಸ್ವಿಯನ್ನು ಮುಟ್ಟುವುದಿಲ್ಲ. ದೂರು ತಂದ ಬ್ರಾಹ್ಮಣನ ಬೆನ್ನಟ್ಟುತ್ತದೆ. ಅವನು ಕೊನೆಗೆ ಶೂದ್ರನಿಗೆ ಕೈಮುಗಿದ ಮೇಲೆಯೇ ಬದುಕುತ್ತಾನೆ. ಮಾಸ್ತಿಯವರಿಗೆ ಇದು ಸರಿ ಬರಲಿಲ್ಲ. ಹೊಸ ವಿಚಾರ ಹೇಳಬೇಕಿದ್ದರೆ ಹೊಸ ಕತೆಯನ್ನೇ ಕಟ್ಟಬಹುದಲ್ಲ, ಹಳೆಯದನ್ನು ಯಾಕೆ ತಿದ್ದಬೇಕು ಅನ್ನೋದು ಅವರ ತಕರಾರಿನ ಸಾರ.

ಮಾಸ್ತಿಯವರ ಪ್ರಶ್ನೆ ಹಗುರವಾದದ್ದಲ್ಲ. ಜನರ ನಂಬಿಕೆಯಲ್ಲಿ ಕೂತ ಕತೆಯನ್ನು ಸಿಕ್ಕಂತೆ ಎಳೆದಾಡಿದರೆ ಅದು ಹರಿಯುತ್ತದೆ, ನಿಜ. ಆದರೆ ಹೊಸ ಹೆಸರಿನ ಹೊಸ ಕತೆಯೊಂದು ಶಂಬೂಕನಿಗೆ ಏನು ಮಾಡೀತು? ತಲೆ ಕಡಿದದ್ದು ಹಳೆ ಕತೆಯಲ್ಲಿ. ಆ ಕತೆ ಕೇಳಿ ತಲೆ ತಗ್ಗಿಸಿ ಕೂತ ಜನ ನಮ್ಮ ಊರುಗಳಲ್ಲಿ ಇದ್ದರು. ಅವರಿಗೆ ಉತ್ತರ ಅದೇ ಕತೆಯೊಳಗೆ ಸಿಗಬೇಕಿತ್ತು. ಈ ವಿಷಯದಲ್ಲಿ ನಾನು ಕುವೆಂಪು ಕಡೆ.

ಇದೆಲ್ಲ ಓದಿದವರ ಲೋಕದ್ದಾಯಿತು. ಓದು ಬರಹ ಇಲ್ಲದ ನಮ್ಮ ಆಟದವರು ಇಂಥ ವಾದಕ್ಕೆ ಕಾಯಲೇ ಇಲ್ಲ. ಕುಲಗೋಡ ತಮ್ಮಣ್ಣನ ಹೆಸರಿನಲ್ಲಿ ಬೆಳೆದ ಶ್ರೀಕೃಷ್ಣ ಪಾರಿಜಾತವನ್ನೇ ನೋಡಿ. ದ್ವಾರಕೆಯ ಸತ್ಯಭಾಮೆಗೂ ರುಕ್ಮಿಣಿಗೂ ಒಂದು ಹೂವಿಗಾಗಿ ಜಗಳ. ಆ ದ್ವಾರಕೆಯಲ್ಲಿ ಭಾಗವತನೂ ದೂತಿಯೂ ಆಡುವ ಮಾತು ಮಾತ್ರ ಅಪ್ಪಟ ಉತ್ತರ ಕರ್ನಾಟಕದ್ದು. ಆಟ ಯಾವ ಊರಲ್ಲಿದೆಯೋ ಆ ಊರಿನ ಸುದ್ದಿ, ಆ ವರ್ಷದ ಮಳೆ ಬೆಳೆ ಅವರ ಬಾಯಿಗೆ ಬರುತ್ತದೆ. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಇಂಥ ಆಟದಿಂದಲೇ ನಾಡಿಗೆ ಹೆಸರಾದರು. ಸತ್ಯಭಾಮೆ ಸಿಟ್ಟು ಮಾಡಿ ಬಾಗಿಲು ಹಾಕಿಕೊಂಡಾಗ ಹೆಂಗಸರ ಸಾಲಿನಿಂದ ನಗು ಬರುತ್ತದೆ, ಕೃಷ್ಣ ಹೊರಗೆ ನಿಂತು ಗೋಗರೆಯುತ್ತಾನೆ, ಬೆಳಗಾಗುವ ತನಕ ಯಾರೂ ಏಳುವುದಿಲ್ಲ.