ಗಡುವಿಗೆ ‘ನಾಳೆ ಬಾ’ ಅಂದವರು

ತೊಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿತ್ತು. ದೆವ್ವ ಬರುತ್ತೆ, ಓದುತ್ತೆ, ವಾಪಸ್ ಹೋಗುತ್ತೆ ಅನ್ನೋ ನಂಬಿಕೆ. ಅದೇ ದಶಕದ ಒಂದು ತೆರಿಗೆ ರಿಯಾಯಿತಿಯ ಗಡುವಿಗೂ ದೆಹಲಿ ಇದನ್ನೇ ಹೇಳಿತು.

1993ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್‌ಗಳ ರಫ್ತು ಲಾಭಕ್ಕೆ ಆದಾಯ ತೆರಿಗೆ ಕಾಯ್ದೆಯ 10ಎ ಕಲಂ ಅಡಿ ವಿನಾಯಿತಿ ಸಿಕ್ಕಿತು. ತಪ್ಪೇನಿಲ್ಲ. ಉದ್ಯಮ ಆಗಿನ್ನೂ ಎಳೆಗೂಸು. ಬೆಂಗಳೂರು ಬೆಳೆಯಿತು, ನನ್ನಂಥ ಇಂಜಿನಿಯರಿಂಗ್ ಪದವೀಧರರಿಗೆ ಕೆಲಸದ ಬಾಗಿಲು ತೆರೆಯಿತು.

2000ದಲ್ಲಿ ಯಶವಂತ ಸಿನ್ಹಾ ಕೊನೆ ದಿನ ಬರೆದರು: 2009ರ ಮಾರ್ಚ್ 31. ತಯಾರಾಗಲು ಒಂಬತ್ತು ವರ್ಷ! ಆದರೆ 2008ರಲ್ಲಿ ಚಿದಂಬರಂ ಒಂದು ವರ್ಷ ಮುಂದೂಡಿದರು. 2009ರಲ್ಲಿ ಪ್ರಣಬ್ ಮುಖರ್ಜಿ ಮತ್ತೊಂದು ವರ್ಷ. ಅದು ಮುಗಿದದ್ದು 2011ರ ಮಾರ್ಚ್‌ನಲ್ಲಿ. ಜಾಗತಿಕ ಹಿಂಜರಿತದ ಕಾರಣ ಇತ್ತು, ಒಪ್ಪೋಣ. ಆದರೆ ಎಳೆಗೂಸು ಅಷ್ಟೊತ್ತಿಗೆ ಪೈಲ್ವಾನನಾಗಿತ್ತು.

ಇದರಿಂದ ಪಾರಿಶ್ವಾಡಕ್ಕೇನು ಅಂತೀರಾ? ಲೆಕ್ಕ ನೋಡಿ. ಆಗ ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲು ಶೇ. 30.5. ಕಂಪನಿಗೆ 100 ರೂಪಾಯಿ ಬಿಟ್ಟರೆ, ಅದರಲ್ಲಿ ಸುಮಾರು 30 ರೂಪಾಯಿ ರಾಜ್ಯಗಳದ್ದೇ. ಖಾನಾಪುರದ ರಸ್ತೆಗೋ, ಶಾಲೆಗೋ ಬರಬಹುದಾದ ದುಡ್ಡು. ಅನುದಾನ ಕೊಟ್ಟರೆ ಪ್ರತಿ ವರ್ಷ ಸದನದಲ್ಲಿ ಮತ ಬೇಕು. ಬಿಟ್ಟ ತೆರಿಗೆಗೆ ಆ ಪರೀಕ್ಷೆ ಇಲ್ಲ, ದಿನಾಂಕ ತಿದ್ದಿದರೆ ಮುಗೀತು.

ಕಂಪನಿಗೂ ಇದು ಪೂರ್ತಿ ಒಳ್ಳೇದಲ್ಲ. ಬಜೆಟ್ ದಿನದವರೆಗೆ ಏನಾಗುತ್ತೋ ಗೊತ್ತಿಲ್ಲ ಅಂದರೆ ಐದು ವರ್ಷದ ಯೋಜನೆ ಹಾಕೋದು ಹೇಗೆ? ದೊಡ್ಡವರು ದೆಹಲಿಗೆ ಹೋಗಿ ಮನವಿ ಕೊಡುತ್ತಾರೆ. ಸಣ್ಣವರು ಟಿವಿ ಮುಂದೆ ಕಾಯುತ್ತಾರೆ.

ಪಾಠ ಕಲಿತೆವಾ? ಸ್ಟಾರ್ಟಪ್‌ಗಳ 80-ಐಎಸಿ ವಿನಾಯಿತಿ 2016ರಲ್ಲಿ ಬಂತು. 2019ರೊಳಗೆ ನೋಂದಾಯಿಸಿದವರಿಗೆ ಮಾತ್ರ ಅಂದರು. ಆಮೇಲೆ 2021, 2022, 2023, 2024, 2025. ಈಗ 2030!

ರಿಯಾಯಿತಿ ಬೇಡ ಅಂತ ನಾನು ಹೇಳ್ತಿಲ್ಲ. ಮುಂದುವರಿಸುವ ಮುನ್ನ ಎಷ್ಟು ಬಿಟ್ಟೆವು, ಎಷ್ಟು ಕೆಲಸ ಹುಟ್ಟಿತು, ಯಾವ ಊರಲ್ಲಿ ಹುಟ್ಟಿತು ಅನ್ನೋ ಲೆಕ್ಕ ಸದನದ ಮುಂದಿಡಿ. ಲೆಕ್ಕ ಸರಿ ಇದ್ದರೆ ಕೊಡಿ. ಇಲ್ಲದಿದ್ದರೆ ಬರೆದ ದಿನಾಂಕಕ್ಕೆ ಮರ್ಯಾದೆ ಕೊಡಿ.