ಮಲಪ್ರಭೆಯ ದಂಡೆಯ ಗುರುಶಾಲೆ

ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿ ಸಮೀಪ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರ ಕಟ್ಟಿದಾಗ ನಾಡಿನಲ್ಲಿ ಮಠಗಳಿಗೇನೂ ಬರವಿರಲಿಲ್ಲ. ಬರವಿದ್ದದ್ದು ಗದ್ದುಗೆಗೆ ತಕ್ಕ ಸ್ವಾಮಿಗಳಿಗೆ. ಹಿರಿಯ ಸ್ವಾಮಿಗಳು ಹುಡುಗನೊಬ್ಬನನ್ನು ಮರಿಯಾಗಿ ಇಟ್ಟುಕೊಂಡು, ತಮಗೆ ತಿಳಿದಷ್ಟನ್ನು ಕಲಿಸಿ, ಕಾಲ ಬಂದಾಗ ಪಟ್ಟ ಕಟ್ಟುವುದು ರೂಢಿ. ಗುರು ಪಂಡಿತರಾಗಿದ್ದರೆ ಮರಿಗೂ ಪಾಂಡಿತ್ಯ. ಇಲ್ಲದಿದ್ದರೆ ಹೊಲ, ಕಾಣಿಕೆ, ಪಲ್ಲಕ್ಕಿಗಳ ಉಸಾಬರಿಯೇ ಅವನ ವಿದ್ಯೆ. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯನ್ನು ಹುಟ್ಟುಹಾಕಿದ ಕುಮಾರ ಸ್ವಾಮಿಗಳಿಗೆ, ಠರಾವುಗಳಿಂದ ಸಮಾಜ ಸುಧಾರಿಸದು, ಮಠದಲ್ಲಿ ಕೂತವರು ಮೊದಲು ಓದಬೇಕು ಎಂಬುದು ಮನದಟ್ಟಾಗಿತ್ತು. ಸ್ವಾಮಿಯನ್ನು ರೂಪಿಸುವ ಹೊಣೆಯನ್ನು ಒಂದೊಂದು ಮಠದ ಒಳಮನೆಯಿಂದ ತೆಗೆದು ಎಲ್ಲ ಮಠಗಳಿಗೂ ಸೇರಿದ ಒಂದು ಸಂಸ್ಥೆಗೆ ವಹಿಸಿದ್ದೇ ಮಂದಿರದ ಐತಿಹಾಸಿಕ ಕೆಲಸ ಎಂದು ನನ್ನ ಎಣಿಕೆ.

ಅಲ್ಲಿ ವಟುಗಳಿಗೆ ಸಂಸ್ಕೃತ, ಕನ್ನಡ, ಯೋಗ, ಲಿಂಗಪೂಜೆ, ಸಂಗೀತ ಎಲ್ಲದರ ಪಾಠ ನಡೆಯಿತು. ತಾಡೋಲೆಗಳ ಸಂಗ್ರಹವೂ ಬೆಳೆಯಿತು. ವಿಭೂತಿ ತಯಾರಿಕೆಯೂ ಅಲ್ಲೇ ನಡೆಯಿತು. ಗೋಶಾಲೆಯ ಸಗಣಿಯನ್ನು ಉಂಡೆ ಕಟ್ಟಿ ಒಣಗಿಸಿ, ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಗಟ್ಟಿ ಮಾಡಿ ಮತ್ತೆ ಒಣಗಿಸಿದರೆ ವಿಭೂತಿ. ಈ ಭಾಗದ ಎಷ್ಟೋ ಮನೆಗಳ ಜಗಲಿಯ ಮೇಲೆ ಇಂದಿಗೂ ಇರುವುದು ಮಂದಿರದ ವಿಭೂತಿಯೇ. ಶಾಸ್ತ್ರದ ಪಾಠಕ್ಕೂ ಸಗಣಿಯ ಕೆಲಸಕ್ಕೂ ಒಂದೇ ಅಂಗಳ ಎಂಬುದು ಸಣ್ಣ ಮಾತಲ್ಲ. ಇಲ್ಲಿ ತಯಾರಾದ ನಾಗನೂರಿನ ಶಿವಬಸವ ಸ್ವಾಮಿಗಳು ಬೆಳಗಾವಿಯಲ್ಲಿ ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದ ನಿಲಯ ನಡೆಸಿದರು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕುಮಾರ ಸ್ವಾಮಿಗಳ ಆಸರೆಯಲ್ಲಿ ಬೆಳೆದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರು ಅಂಧ ಮಕ್ಕಳಿಗೆ ಜಾತಿ ಕೇಳದೆ ಸಂಗೀತ ಕಲಿಸಿದರು.

ಶಾಲೆಯಿಂದ ಗುರು ಹುಟ್ಟುತ್ತಾನೆಯೇ ಎಂದು ಕೇಳುವವರಿದ್ದಾರೆ. ಅಥಣಿಯ ಮುರುಘೇಂದ್ರ ಶಿವಯೋಗಿಗಳು ಇಂಥ ಯಾವ ಶಾಲೆಯಲ್ಲೂ ಕಲಿತವರಲ್ಲ. ಆದರೂ ಅವರ ಮಹಿಮೆಯನ್ನು ಕುಮಾರ ಸ್ವಾಮಿಗಳೂ ಒಪ್ಪಿದ್ದರು. ಈ ಮಾತು ನಿಜ, ಆದರೆ ಇದೇ ಉದಾಹರಣೆ ಮಂದಿರದ ಪರವಾಗಿಯೂ ನಿಲ್ಲುತ್ತದೆ. ಮಠದ ಅಧಿಕಾರವೇ ಬೇಡವೆಂದು ದೂರವಿದ್ದವರು ಅಥಣಿಯ ಶಿವಯೋಗಿಗಳು. ಅನುಭಾವಿ ತಾನಾಗಿ ಹುಟ್ಟಬಹುದು. ಆಸ್ತಿ, ಶಾಲೆ, ಭಕ್ತರ ನಂಬಿಕೆ ಇವನ್ನೆಲ್ಲ ಹೊತ್ತ ಪಟ್ಟಾಧ್ಯಕ್ಷ ಹಾಗೆ ಹುಟ್ಟುವುದಿಲ್ಲ. ಮಂದಿರ ತಯಾರಿಸಲು ಹೊರಟಿದ್ದು ಈ ಎರಡನೆಯವರನ್ನು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯದು. ವಟುಗಳನ್ನು ವೀರಶೈವರ ಗುರುವರ್ಗವಾದ ಜಂಗಮ ಮನೆತನಗಳಿಂದಲೇ ಆಯ್ದುಕೊಳ್ಳುವ ರೂಢಿ ಇಲ್ಲಿ ಉಳಿಯಿತು. ಹುಟ್ಟನ್ನು ಅಲ್ಲಗಳೆದ ಶರಣರ ಹೆಸರು ಹೇಳುತ್ತ ಹುಟ್ಟನ್ನೇ ಅರ್ಹತೆಯಾಗಿಸಿದರೆ ಅದೆಂಥ ಸುಧಾರಣೆ? ಆ ಕಾಲದ ಭಕ್ತರು ಬೇರೆಯವರನ್ನು ಗುರುವೆಂದು ಒಪ್ಪುತ್ತಿರಲಿಲ್ಲ ಎಂಬ ಸಮಾಧಾನವಿದೆ. ಅದು ಕಾರಣ ಹೇಳುತ್ತದೆಯೇ ಹೊರತು ಸಮರ್ಥನೆಯಾಗದು. ಆದರೂ ಹುಟ್ಟಿದ ಮಾತ್ರಕ್ಕೆ ಸಾಲದು, ಕಲಿಯಲೇಬೇಕು ಎಂಬ ಕಟ್ಟಳೆ ಬಂದಮೇಲೆ, ಕಲಿತವನಿಗೆ ಹುಟ್ಟು ಯಾಕೆ ಅಡ್ಡಿ ಎಂಬ ಪ್ರಶ್ನೆ ಏಳಲೇಬೇಕಿತ್ತು. ಅದಕ್ಕೆ ಉತ್ತರ ಬಂದದ್ದು ಮಂದಿರದಿಂದಲ್ಲ, ಅದೇ ಸೀಮೆಯ ಇಳಕಲ್ಲಿನಿಂದ. ಜೋಳಿಗೆ ಹಿಡಿದು ಊರೂರು ಸುತ್ತಿ ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದ ಚಿತ್ತರಗಿ ಮಠದ ಮಹಾಂತ ಸ್ವಾಮಿಗಳು ಜಂಗಮರಲ್ಲದವರಿಗೂ ದೀಕ್ಷೆ ಕೊಟ್ಟು ಮಠಗಳ ಪಟ್ಟಕ್ಕೆ ತಂದರು.